ವೇಗ, ಪ್ರಮಾದ ಮತ್ತು ಸೋಲೂರಿನ ದಾರಿ

ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರು ನೆಲಮಂಗಲದಲ್ಲಿ ತುಮಕೂರಿನ ದಾರಿಯನ್ನು ಬಿಟ್ಟು ಮಂಗಳೂರಿನ ಹೆದ್ದಾರಿಗೆ ತಿರುಗಿ, ಕುಣಿಗಲ್ ಮುಟ್ಟುವುದಕ್ಕೆ ಮೊದಲು ಹಾದುಹೋಗುವ ಊರು ಸೋಲೂರು. ಮಾಗಡಿ ಸೀಮೆಯ ಈ ಹೋಬಳಿ ಊರನ್ನು ಕಂಡ ಜೈನ ಯಾತ್ರಿಕರು ಸಾವಿರಾರು. ಅಲ್ಲಿ ಇಳಿದವರು ಕಡಿಮೆ. ಹೆದ್ದಾರಿಗೆ 48ನೆಯ ಸಂಖ್ಯೆ ಇದ್ದ ಕಾಲದಲ್ಲಿ ಎದುರಿನಿಂದ ಬರುವ ಲಾರಿಗೆ ಅಂಚಿಗೆ ಸರಿದು ದಾರಿ ಕೊಡಬೇಕಾಗಿತ್ತು. ಈಗ ಸಂಖ್ಯೆ 75 ಆಗಿದೆ, ರಸ್ತೆ ನಾಲ್ಕು ಪಥವಾಗಿದೆ, ಊರು ಕಣ್ಣಿಗೆ ಬೀಳುವುದರೊಳಗೆ ಹಿಂದೆ ಸರಿದಿರುತ್ತದೆ.

ಈ ದಾರಿಯಲ್ಲಿ ಒಬ್ಬನೇ ಬಾಹುಬಲಿಸ್ವಾಮಿಯ ಕಡೆಗೆ ಎರಡು ಬಗೆಯ ಜನರು ಹೋಗುತ್ತಾರೆ. 2018ರ ಮಹಾಮಸ್ತಕಾಭಿಷೇಕಕ್ಕೆ ನಾನಾ ದಿಕ್ಕುಗಳಿಂದ ನೂರಾರು ತ್ಯಾಗಿಗಳು ಕಾಲ್ನಡಿಗೆಯಲ್ಲಿಯೇ ಬಂದು ಸೇರಿದರು. ವಿಹಾರದಲ್ಲಿರುವ ಮುನಿಯು ತನ್ನ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಹಗಲಿನ ಬೆಳಕಿನಲ್ಲಿ ಮಾತ್ರ, ಕೈಯಲ್ಲಿ ಪಿಂಛಿ ಹಿಡಿದು ನಡೆಯುತ್ತಾನೆ. ಅದೇ ರಸ್ತೆಯಲ್ಲಿ ಅವನ ದರ್ಶನಕ್ಕೆಂದೇ ಹೊರಟ ಶ್ರಾವಕನ ಮೋಟಾರು ಗಂಟೆಗೆ ನೂರು, ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಅವನನ್ನು ದಾಟಿ ಹೋಗುತ್ತದೆ. ವಿಹಾರದಲ್ಲಿದ್ದ ಸಾಧು ಸಾಧ್ವಿಯರು ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ದೇಹ ಬಿಟ್ಟ ವಾರ್ತೆಗಳು ದೇಶದ ಬೇರೆ ಬೇರೆ ಭಾಗಗಳಿಂದ ಬರುತ್ತಲೇ ಇವೆ. ಪ್ರತಿ ಬಾರಿಯೂ ಶೋಕಸಭೆ ನಡೆಯುತ್ತದೆ. ಚಾಲಕನನ್ನು ನಿಂದಿಸಿ ಸಭೆ ಮುಗಿಯುತ್ತದೆ.

ವೇಗದ ವಿಚಾರವನ್ನು ಧರ್ಮದ ಬೆಳಕಿನಲ್ಲಿ ನೋಡಬೇಕಾದರೆ, ವೇಗವನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಂಡವನಿಂದ ಆರಂಭಿಸುವುದು ಲೇಸು. ಮೋಟಾರ್ ರೇಸಿನ ಚಾಲಕನ ವೃತ್ತಿ ಕೇಳಿದೊಡನೆ ಶ್ರಾವಕನ ಮನಸ್ಸು ಅದನ್ನು ತಳ್ಳಿಹಾಕುತ್ತದೆ. ಅಪಾಯ, ಅಬ್ಬರ, ಇಂಧನದ ದಹನ, ಗೆಲುವಿನ ಮದ, ಇವಿಷ್ಟೂ ಒಂದೆಡೆ ಸೇರಿದ ಕಸುಬು ಅದು ಎನಿಸುತ್ತದೆ. ಆದರೆ ಜೈನ ಮನೆಗಳ ಮಕ್ಕಳು ಇಂದು ಬೆಂಗಳೂರಿನ ಕಾರ್ಟಿಂಗ್ ಪಥಗಳಲ್ಲಿ ರಜೆಯ ದಿನ ಕಳೆಯುತ್ತಾರೆ. ನಾಳೆ ಅವರಲ್ಲೊಬ್ಬನು ಇದನ್ನೇ ವೃತ್ತಿಯಾಗಿ ಹಿಡಿಯುತ್ತೇನೆಂದು ತಂದೆಯ ಮುಂದೆ ನಿಂತರೆ, ಅಥವಾ ಗೆದ್ದು ಬಂದವನಿಗೆ ಬಸದಿಯ ಟ್ರಸ್ಟಿನಿಂದ ಶಾಲು ಹೊದಿಸಬೇಕೆಂಬ ಸಲಹೆ ಸಭೆಯ ಮುಂದೆ ಬಂದರೆ, ತಳ್ಳಿಹಾಕುವವರು ಕಾರಣ ಕೊಡಬೇಕಾಗುತ್ತದೆ. ಆ ಕಾರಣ ಶಾಸ್ತ್ರಕ್ಕೆ ಸರಿಹೊಂದುವುದೇ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಸಿಗುವ ಕಾರಣ ಕರ್ಮಾದಾನದ್ದು. ಶ್ರಾವಕನು ಬಿಡಬೇಕಾದ 15 ಜೀವಿಕೆಗಳಲ್ಲಿ ಶಕಟಜೀವಿಕೆಯೂ ಒಂದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ, ಪಂಡಿತ ಆಶಾಧರರ ಸಾಗಾರಧರ್ಮಾಮೃತ ಎರಡರಲ್ಲಿಯೂ ಇದರ ಪ್ರಸ್ತಾಪವಿದೆ. ಬಂಡಿಯನ್ನು ಮಾಡುವುದು, ಮಾರುವುದು, ಓಡಿಸುವುದು, ಇವುಗಳಿಂದ ಹೊಟ್ಟೆ ಹೊರೆಯುವುದು ಶಕಟಜೀವಿಕೆ. ಎತ್ತಿನ ಹೆಗಲಿನ ನೋವು, ಚಕ್ರದಡಿಯ ಕ್ರಿಮಿಗಳ ವಧೆ ಇದಕ್ಕೆ ಕಾರಣ. ಬಾಡಿಗೆಗೆ ಬಂಡಿ ಬಿಡುವುದಕ್ಕೆ ಭಾಟಕಜೀವಿಕೆ ಎಂಬ ಬೇರೆಯೇ ಹೆಸರಿದೆ. ಇದನ್ನು ಹಿಡಿದು ರೇಸಿನ ಚಾಲಕನನ್ನು ಶ್ರಾವಕರ ಸಾಲಿನಿಂದ ಹೊರಗಿಡುವುದು ಸುಲಭ. ಆದರೆ ಈ ವಾದವನ್ನು ಮಂಡಿಸುವವನು ಒಮ್ಮೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅತ್ತಿತ್ತ ನೋಡುತ್ತ ನಡೆದುಬರಬೇಕು. ಮೋಟಾರಿನ ಬಿಡಿಭಾಗಗಳ ಅಂಗಡಿ, ಟೈರಿನ ವ್ಯಾಪಾರ, ವಾಹನಸಾಲ, ಲಾರಿ ಸಾಗಣೆ, ಪೆಟ್ರೋಲ್ ಬಂಕು, ಇವುಗಳಲ್ಲಿ ಜೈನ ವರ್ತಕರಿಲ್ಲವೆ? ಶಕಟವನ್ನು ಮಾರುವವನಿಗೆ ಸಮಾಜದಲ್ಲಿ ಅಗ್ರಾಸನ, ಓಡಿಸುವವನಿಗೆ ಮಾತ್ರ ನಿಷೇಧ ಎಂದರೆ ಅದು ಶಾಸ್ತ್ರವಲ್ಲ, ಅನುಕೂಲ. ಆಶಾಧರರೇ ಸಾವದ್ಯವಾದ ಕಸುಬುಗಳನ್ನು ಎಣಿಸಿ ಮುಗಿಸಲಾಗದೆಂಬ ಅಭಿಪ್ರಾಯದವರು. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂದು ನೋಡಿದರೆ ಸಾಲದು. ಕಸುಬಿನ ಒಳಗೆ ಇಳಿದು ನೋಡಬೇಕು.

ಬೆಂಗಳೂರಿನ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಸಹೋದರರು ಈ ವೃತ್ತಿಯಲ್ಲಿ ಹೆಸರಾದವರು. ಹಿರಿಯನು 1997ರಲ್ಲಿ, ಕಿರಿಯನು 2000ದಲ್ಲಿ ಹುಟ್ಟಿದವರು. ಅವರದು ಉದ್ಯಮಿ ಮನೆತನ. 2001ರಲ್ಲಿ ಬೆಂಗಳೂರಿನ ಬೀದಿಗಿಳಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ರೂಪಿಸಿದ ಚೇತನ್ ಮೈನಿಯವರು ಇವರ ಚಿಕ್ಕಪ್ಪ. ಗಂಟೆಗೆ 80 ಕಿಲೋಮೀಟರ್ ಮೀರದ ಕಾರನ್ನು ಕೊಟ್ಟ ಮನೆಯಿಂದಲೇ 300 ಮೀರುವ ಕಾರನ್ನು ಓಡಿಸುವವರೂ ಬಂದದ್ದು ಒಂದು ವಿನೋದ. ಅರ್ಜುನ್ 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ-3 ವರ್ಗದ ರೇಸನ್ನು ಗೆದ್ದರು, 2018ರಲ್ಲಿ ಫಾರ್ಮುಲಾ-2 ವರ್ಗದಲ್ಲಿ ಓಡಿಸಿದರು, 2019ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ರೇಸಿನಲ್ಲಿ ಭಾಗವಹಿಸಿದರು, 2021ರಲ್ಲಿ ಜರ್ಮನಿಯ ಡಿಟಿಎಂ ಸ್ಪರ್ಧೆಗೆ ಸೇರಿದ ಮೊದಲ ಭಾರತೀಯರಾದರು. ಕುಶ್ 2023ರಿಂದ ಫಾರ್ಮುಲಾ-2 ವರ್ಗದಲ್ಲಿ ಓಡಿಸುತ್ತ 2025ರ ಮೇ ತಿಂಗಳಲ್ಲಿ ಮೊನಾಕೋ ನಗರದ ಬೀದಿಗಳಲ್ಲಿ ನಡೆದ ಸ್ಪ್ರಿಂಟ್ ರೇಸನ್ನು ಗೆದ್ದರು. ಅದಕ್ಕೆ ಮೊದಲು, 2024ರ ಜುಲೈನಲ್ಲಿ ಬುಡಾಪೆಸ್ಟಿನಲ್ಲಿ, ಅವರಿಗೆ ಬಂದ ಮೊದಲ ಗೆಲುವು ಬೇರೆ ಬಗೆಯದು. ಗೆರೆಯನ್ನು ಮೊದಲು ದಾಟಿದವನು ಇನ್ನೊಬ್ಬನು. ಅವನ ಕಾರಿನಲ್ಲಿ ತಾಂತ್ರಿಕ ನಿಯಮದ ಉಲ್ಲಂಘನೆ ಕಂಡುಬಂದು, ಅವನನ್ನು ಅನರ್ಹಗೊಳಿಸಿದ ಮೇಲೆ ಎರಡನೆಯವರಾಗಿದ್ದ ಕುಶ್ ಮೊದಲಿಗರಾದರು. ಯಾರೂ ನೋಡದ ಯಂತ್ರದ ಒಳಗಿನ ತಪ್ಪಿಗಾಗಿ ಗೆದ್ದವನಿಂದ ಗೆಲುವನ್ನು ಹಿಂದಕ್ಕೆ ಪಡೆಯುವ ವ್ಯವಹಾರಗಳು ವರ್ತಕರ ಪೇಟೆಯಲ್ಲಿ ಎಷ್ಟಿವೆಯೋ ಲೆಕ್ಕ ಹಾಕಬಹುದು.

ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ಓಡಿಸಿದ್ದು ಕಾರನ್ನಲ್ಲ, ಮೋಟಾರ್‌ಸೈಕಲ್ಲನ್ನು. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಕೊನೆಮುಟ್ಟಿಸಿದ ಮೊದಲ ಭಾರತೀಯರು ಅವರು. 2020ರ ಜನವರಿಯಲ್ಲಿ ಅದೇ ರ‍್ಯಾಲಿಯಲ್ಲಿ ಅವರ ತಂಡದ ಪೋರ್ಚುಗಲ್ಲಿನ ಸವಾರ ಪೌಲೋ ಗೊನ್ಸಾಲ್ವಿಸ್ ಮರಣ ಹೊಂದಿದರು. ಮರುವರ್ಷದ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಸಂತೋಷರೇ ಬಿದ್ದು, ತಲೆಗೆ ಪೆಟ್ಟಾಗಿ, ರಿಯಾದಿನ ಆಸ್ಪತ್ರೆಯಲ್ಲಿ ಹಲವು ದಿನ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿದ್ದು, ಬದುಕಿ ಊರಿಗೆ ಮರಳಿದರು. ವೃತ್ತಿಯ ಎರಡೂ ಮುಖಗಳು ಇವು.

ಈಗ ಹಿಂಸೆಯ ಲಕ್ಷಣಕ್ಕೆ ಬರಬಹುದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮತ್ತಯೋಗವನ್ನು ಸೇರಿಸಿದ್ದಾರೆ. ಎಚ್ಚರಗೇಡಿಯಾದ ಮನ, ವಚನ, ಕಾಯಗಳ ಪ್ರವೃತ್ತಿ ಇಲ್ಲದ ಕಡೆ ಪ್ರಾಣಹಾನಿಯೊಂದೇ ಹಿಂಸೆಯೆನಿಸದು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಎಚ್ಚರವಿಲ್ಲದವನಿಗೆ ಎದುರಿನ ಜೀವ ಸಾಯಲಿ ಬದುಕಲಿ ಹಿಂಸೆಯ ದೋಷ ತಪ್ಪದು. ಸಮಿತಿಯಲ್ಲಿ ನಡೆಯುವವನಿಗೆ ಕಾಲಡಿಯಲ್ಲಿ ಜೀವವೊಂದು ಅಕಸ್ಮಾತ್ತಾಗಿ ಸತ್ತರೂ ಅಷ್ಟರಿಂದಲೇ ಬಂಧವಿಲ್ಲ ಎಂಬುದು ಅವರ ಅಭಿಪ್ರಾಯ. ಇದರ ಅರ್ಥವನ್ನು ಗೃಹಸ್ಥರು ಸಾಮಾನ್ಯವಾಗಿ ತಮ್ಮ ಕಡೆಗೆ ಅನುಕೂಲವಾಗಿ ತೆಗೆದುಕೊಳ್ಳುತ್ತಾರೆ. ‘ಯಾರಿಗೂ ಏನೂ ಆಗಲಿಲ್ಲವಲ್ಲ’ ಎಂಬುದು ಮೋಟಾರು ಓಡಿಸುವವರ ಮಾತು. ಆಗಲಿಲ್ಲ ಎಂಬುದರಿಂದ ದೋಷ ಕಳೆಯಲಿಲ್ಲ ಎಂಬುದು ಕುಂದಕುಂದರ ಮಾತಿನ ತಾತ್ಪರ್ಯ.

ಈ ಒರೆಗಲ್ಲಿಗೆ ರೇಸಿನ ಚಾಲಕನನ್ನು ಹಚ್ಚಿ ನೋಡಿದರೆ ಅನಿರೀಕ್ಷಿತವಾದ ಸಂಗತಿಗಳು ಕಾಣುತ್ತವೆ. ರೇಸಿಗೆ ಮೊದಲು ಚಾಲಕರು ಪಥದ ಉದ್ದಕ್ಕೂ ಕಾಲ್ನಡಿಗೆಯಲ್ಲಿ ಹೋಗುವ ಪದ್ಧತಿಯಿದೆ. ತಿರುವಿನಲ್ಲಿ ನೆಲ ಎಷ್ಟು ಬಾಗಿದೆ, ಅಂಚಿನ ಕಲ್ಲು ಎಷ್ಟು ಎತ್ತರ, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಕಾಲಿನಿಂದಲೇ ತಿಳಿದುಕೊಳ್ಳುತ್ತಾರೆ. ಮೊನಾಕೋದ 3.337 ಕಿಲೋಮೀಟರ್ ಪಥದಲ್ಲಿ ಕಾರಿನಲ್ಲಿ ಒಂದೂವರೆ ನಿಮಿಷದೊಳಗೆ ಮುಗಿಯುವ ಸುತ್ತಿಗಾಗಿ ಒಂದು ಗಂಟೆ ನಡೆದಾಡುತ್ತಾರೆ. ಓಡಿಸುವಾಗ ಗಂಟೆಗೆ 330 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ ಸುಮಾರು 92 ಮೀಟರ್. ಆ ವೇಗದಲ್ಲಿ ಅರೆಕ್ಷಣದ ಅನ್ಯಮನಸ್ಕತೆಯೂ ಉಳಿಯಗೊಡದು. ಹಳದಿ ಬಾವುಟ ಕಂಡರೆ ವೇಗ ತಗ್ಗಿಸಲೇಬೇಕು, ಯಾರನ್ನೂ ಹಿಂದೆ ಹಾಕಕೂಡದು. ಕೆಂಪು ಬಾವುಟ ಕಂಡರೆ ರೇಸೇ ನಿಲ್ಲುತ್ತದೆ. ಎದುರಿನಿಂದ ಬರುವ ವಾಹನವಿಲ್ಲ, ದಾಟುವ ಮುದುಕಿಯಿಲ್ಲ, ಹಸುಕರುಗಳಿಲ್ಲ. ಪಥದಲ್ಲಿರುವವರೆಲ್ಲ ತಿಳಿದು, ಒಪ್ಪಿ, ಒಂದೇ ದಿಕ್ಕಿಗೆ ಹೋಗುವವರು.

ಸೋಲೂರಿನ ದಾರಿಯಲ್ಲಿ ಹೀಗಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲು ಇಡುವುದಕ್ಕೆ ಒಂದು ಸೆಕೆಂಡು ಬೇಕೆಂದರೆ, ಅಷ್ಟರೊಳಗೆ 28 ಮೀಟರ್ ನೆಲ ಚಾಲಕನ ವಶ ತಪ್ಪಿರುತ್ತದೆ. ವೇಗ ಎರಡು ಪಾಲಾದರೆ ಘಾತದ ಶಕ್ತಿ ನಾಲ್ಕು ಪಾಲಾಗುತ್ತದೆ. ಇದು ಭೌತಶಾಸ್ತ್ರದ ನಿಯಮ, ಯಾತ್ರಿಕನೆಂದು ರಿಯಾಯಿತಿ ಕೊಡುವುದಿಲ್ಲ. ಹೊಲದಿಂದ ಮನೆಗೆ ದಾಟುವ ರೈತ, ಶಾಲೆಯ ಹುಡುಗಿ, ಮೇವಿಗೆ ಹೊರಟ ಎಮ್ಮೆ, ನಾಯಿ, ಮಳೆಗಾಲದಲ್ಲಿ ರಸ್ತೆಗೆ ಬರುವ ಕಪ್ಪೆಗಳು, ಇವರಾರೂ ಈ ಸ್ಪರ್ಧೆಗೆ ಒಪ್ಪಿಗೆ ಕೊಟ್ಟವರಲ್ಲ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಅತಿವೇಗದ ಖಾತೆಗೆ ಬರೆಯಲ್ಪಟ್ಟಿದೆ. ಒಂದು ಕೈಯಲ್ಲಿ ಮೊಬೈಲು ಹಿಡಿದು, ಬಾಯಲ್ಲಿ ಸ್ತೋತ್ರ ಹೇಳುತ್ತ, ಹತ್ತು ಗಂಟೆಯೊಳಗೆ ಅಭಿಷೇಕಕ್ಕೆ ಮುಟ್ಟಬೇಕೆಂದು ಕಾರನ್ನು ಬಿಡುವ ಶ್ರಾವಕನು ಮೊನಾಕೋದ ಆ ಯುವಕನಿಗಿಂತ ಹೆಚ್ಚು ಪ್ರಮತ್ತನಲ್ಲವೆ?

ಹೀಗೆಂದ ಮಾತ್ರಕ್ಕೆ ರೇಸಿನ ವೃತ್ತಿ ನಿರ್ದೋಷವೆಂದು ಸಾಧಿಸಿದಂತಾಗಲಿಲ್ಲ. ಎಚ್ಚರವೊಂದೇ ಅಪ್ರಮಾದವಾಗಿದ್ದರೆ ಮೀನಿಗಾಗಿ ಕಾದು ನಿಂತ ಕೊಕ್ಕರೆಯೂ ಅಪ್ರಮತ್ತವೇ. ಕಷಾಯವೂ ಪ್ರಮಾದದ ಭೇದಗಳಲ್ಲಿ ಒಂದು. ಎಚ್ಚರ ಯಾವುದಕ್ಕಾಗಿ ಎಂದು ಕೇಳದೆ ವಿಚಾರ ಮುಗಿಯದು. ಮುನಿಯ ನಾಲ್ಕು ಮೊಳದ ದೃಷ್ಟಿ ಜೀವದಯೆಗಾಗಿ. ಚಾಲಕನ 92 ಮೀಟರಿನ ದೃಷ್ಟಿ ಮುಂದಿನವನನ್ನು ಹಿಂದೆ ಹಾಕುವುದಕ್ಕಾಗಿ. ಅವನ ಶಿರಸ್ತ್ರಾಣದ ಗಾಜಿಗೆ ಹಾಳೆಹಾಳೆಯಾಗಿ ತೆಳುವಾದ ಪೊರೆಗಳನ್ನು ಅಂಟಿಸಿರುತ್ತಾರೆ. ಎಣ್ಣೆಯೂ ಸತ್ತ ಹುಳುಗಳೂ ಮೆತ್ತಿಕೊಂಡು ಕಣ್ಣಿಗೆ ಮಸುಕಾದೊಡನೆ ಒಂದು ಪೊರೆಯನ್ನು ಕಿತ್ತೆಸೆದು ಮುಂದುವರಿಯುವುದು ಕ್ರಮ. ಹುಳುವಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಸ್ಪರ್ಧೆಯೇ ಹೇಯವೆಂದು ಹೇಳುವುದಕ್ಕೂ ಜೈನರಿಗೆ ಅವಕಾಶವಿಲ್ಲ. ಯಾರ ದರ್ಶನಕ್ಕಾಗಿ ಈ ದಾರಿ ಹಿಡಿಯುತ್ತಾರೋ ಅವನ ಕಥೆಯೇ ಸ್ಪರ್ಧೆಯ ಕಥೆ. ಭರತ ಬಾಹುಬಲಿಗಳ ಸೈನ್ಯಗಳು ಎದುರಾದಾಗ, ಚರಮಶರೀರಿಗಳಾದ ಇಬ್ಬರಿಗೂ ಆಗುವುದೇನಿಲ್ಲ, ಸಾಯುವವರು ಬಡ ಸೈನಿಕರು ಎಂಬುದನ್ನು ಮನಗಂಡು ಮಂತ್ರಿಗಳು ಯುದ್ಧವನ್ನು ತಡೆದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದರು. ಪಂಪನ ಆದಿಪುರಾಣದಿಂದ ಕನ್ನಡಿಗರಿಗೆ ಈ ಕಥೆ ಸುಪರಿಚಿತ. ನಿಯಮಕ್ಕೆ ಒಳಪಟ್ಟ, ಇಬ್ಬರೇ ಇಬ್ಬರ, ಮೂರನೆಯವನಿಗೆ ಹಾನಿಯಿಲ್ಲದ ಸ್ಪರ್ಧೆ ಹಿಂಸೆಯ ಬದಲಿಗೆ ಬಂದದ್ದು. ಗೆದ್ದ ಬಾಹುಬಲಿ ಅಣ್ಣನನ್ನು ಎತ್ತಿ ನೆಲಕ್ಕೆ ಬಡಿಯಬಹುದಾಗಿತ್ತು, ಗೌರವದಿಂದ ಇಳಿಸಿದನು. ಭರತನು ಚಕ್ರವನ್ನು ಬಿಟ್ಟು ನಿಯಮ ಮುರಿದನು. ಗೆಲುವಿನ ಆ ಕ್ಷಣದಲ್ಲಿ ಗೆಲುವು ಬಾಹುಬಲಿಗೆ ಹೇಸಿಗೆಯಾಯಿತು. ಆದರೂ, ಅಣ್ಣನ ನೆಲದಲ್ಲಿ ನಿಂತಿದ್ದೇನೆಂಬ ಒಂದು ಮುಳ್ಳು ಉಳಿದು, ವರ್ಷಕಾಲದ ಪ್ರತಿಮಾಯೋಗದ ಕೊನೆಯವರೆಗೂ ಕೈವಲ್ಯ ತಡೆಯಿತು. ಸ್ಪರ್ಧೆಯಲ್ಲಿ ದೋಷವಿರಲಿಲ್ಲ, ಸ್ಪರ್ಧೆ ಬಿಟ್ಟ ಮೇಲೂ ಬಿಡದ ಭಾವದಲ್ಲಿ ಇತ್ತು.

ಲೋಕದ ಚಾಲಕರಲ್ಲಿ ಇದರ ನೆರಳು ಕಂಡದ್ದುಂಟು. ಆಸ್ಟ್ರಿಯಾದ ನಿಕಿ ಲೌಡಾ 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಉರಿಯುವ ಕಾರಿನೊಳಗೆ ಸಿಕ್ಕಿಕೊಂಡು ಮುಖ, ಶ್ವಾಸಕೋಶ ಸುಟ್ಟುಕೊಂಡರು. ಆಸ್ಪತ್ರೆಯಲ್ಲಿ ಪಾದ್ರಿಯಿಂದ ಅಂತ್ಯವಿಧಿಯೂ ಆಗಿತ್ತು. ಆರು ವಾರಗಳಲ್ಲಿ ಅವರು ಮರಳಿ ಪಥಕ್ಕಿಳಿದರು. ಆಗ ಲೋಕ ಅವರನ್ನು ಧೀರರೆಂದು ಕೊಂಡಾಡಿತು. ಅದೇ ವರ್ಷ ಅಕ್ಟೋಬರ್ 24ರಂದು ಜಪಾನಿನ ಫ್ಯೂಜಿಯಲ್ಲಿ ಜಡಿಮಳೆ, ಮುಂದೇನೂ ಕಾಣದು. ವಿಶ್ವಪದವಿ ನಿರ್ಣಯವಾಗುವ ಆ ರೇಸಿನಲ್ಲಿ ಲೌಡಾ ಎರಡು ಸುತ್ತು ಓಡಿಸಿ, ಕಾರನ್ನು ತಂದು ನಿಲ್ಲಿಸಿ ಇಳಿದುಬಿಟ್ಟರು. ಪದವಿ ಒಂದೇ ಒಂದು ಅಂಕದಿಂದ ಇಂಗ್ಲೆಂಡಿನ ಜೇಮ್ಸ್ ಹಂಟರ ಪಾಲಾಯಿತು. ಕಾರಿನಲ್ಲಿ ದೋಷವಿತ್ತೆಂದು ಹೇಳಿ ಮಾನ ಉಳಿಸಿಕೊಳ್ಳುವ ದಾರಿಯಿದ್ದರೂ ಅವರು ಅದನ್ನು ಹಿಡಿಯಲಿಲ್ಲ. ಮಾನಕಷಾಯವನ್ನು ಅಷ್ಟರಮಟ್ಟಿಗೆ ಗೆದ್ದವರೆಂದು ಅವರನ್ನು ಮೆಚ್ಚಬಹುದು, ವೈರಾಗ್ಯವೆಂದು ಹಿಗ್ಗಿಸಬಾರದು: ಮರುವರ್ಷ ಅವರು ಮತ್ತೆ ಓಡಿಸಿ ಪದವಿ ಗೆದ್ದರು.

ಸ್ಕಾಟ್ಲೆಂಡಿನ ಜಾಕಿ ಸ್ಟುವರ್ಟರ ಉದಾಹರಣೆ ಶ್ರಾವಕನಿಗೆ ಇನ್ನೂ ಹತ್ತಿರದ್ದು. 1966ರಲ್ಲಿ ಬೆಲ್ಜಿಯಂನ ಸ್ಪಾ ಪಥದಲ್ಲಿ ಮಳೆಯಲ್ಲಿ ಕಾರು ಉರುಳಿ, ಪೆಟ್ರೋಲಿನಲ್ಲಿ ನೆನೆಯುತ್ತ ಸುಮಾರು 25 ನಿಮಿಷ ಒಳಗೇ ಸಿಕ್ಕಿಬಿದ್ದರು. ಬಿಡಿಸಲು ಬಂದ ಜೊತೆಯ ಚಾಲಕರಿಗೆ ಸ್ಪ್ಯಾನರ್ ಸಿಕ್ಕಿದ್ದು ಪ್ರೇಕ್ಷಕನೊಬ್ಬನಿಂದ. ಅಂದಿನಿಂದ ಅವರು ಸ್ಟಿಯರಿಂಗಿಗೆ ಒಂದು ಸ್ಪ್ಯಾನರನ್ನು ಅಂಟಿಸಿಕೊಂಡೇ ಓಡಿಸಿದರು. ಅಷ್ಟಕ್ಕೆ ನಿಲ್ಲದೆ ಪಥದ ಬದಿಗೆ ತಡೆಗೋಡೆ, ಸ್ಥಳದಲ್ಲಿಯೇ ವೈದ್ಯರು, ಸೀಟಿನ ಪಟ್ಟಿ, ಬೆಂಕಿ ನಂದಿಸುವವರು ಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಪಥದ ಒಡೆಯರೂ ಕೆಲವು ಚಾಲಕರೂ ಅವರನ್ನು ಹೇಡಿಯೆಂದು ಹಳಿದರು. 1973ರ ಅಕ್ಟೋಬರ್ 6ರಂದು ಅವರ ತಂಡದ ಯುವಕ ಫ್ರಾನ್ಸ್ವಾ ಸೆವೇರ್ ಅಭ್ಯಾಸದ ವೇಳೆ ಸತ್ತಾಗ, ಮರುದಿನದ ರೇಸು ಸ್ಟುವರ್ಟರ ನೂರನೆಯದಾಗಬೇಕಿತ್ತು. ಅವರು ಓಡಿಸಲಿಲ್ಲ, ಮುಂದೆಂದೂ ಓಡಿಸಲಿಲ್ಲ. ಮೂರು ಬಾರಿಯ ವಿಶ್ವವಿಜೇತನ ಲೆಕ್ಕ 99ಕ್ಕೆ ನಿಂತಿತು. ಲೆಕ್ಕವನ್ನು ಪೂರ್ಣ ಮಾಡುವ ಆಸೆ ವರ್ತಕರಿಗೆ ಚೆನ್ನಾಗಿ ಗೊತ್ತು. ಅದನ್ನು ಬಿಡುವುದರ ಕಷ್ಟವೂ ಗೊತ್ತಿರಬೇಕು.

ಆದುದರಿಂದ ವಯಸ್ಸಿಗೆ ಬಂದು, ಅಪಾಯವನ್ನು ತಾನೇ ತಿಳಿದು, ನಿಯಮಕ್ಕೆ ಒಳಪಟ್ಟು ಓಡಿಸುವವನನ್ನು ಹಿಂಸಕನೆಂದು ಕರೆಯುವುದು ಸರಿಯಾಗದು. ಅವನು ಅಪಾಯಕ್ಕೆ ಒಡ್ಡುವುದು ಮುಖ್ಯವಾಗಿ ತನ್ನ ದೇಹವನ್ನು. ಅದೂ ಸಣ್ಣ ಮಾತಲ್ಲ. ಚಂದ್ರಗಿರಿಯ ಶಾಸನಗಳಲ್ಲಿ ದೇಹ ಬಿಟ್ಟವರ ಹೆಸರುಗಳು ಸಾಲುಸಾಲಾಗಿವೆ. ಅವರು ಬಿಟ್ಟದ್ದು ರಾಗವನ್ನು ಕಳೆದುಕೊಳ್ಳುತ್ತ. ಚಾಲಕನು ರಾಗಕ್ಕಾಗಿಯೇ ದೇಹವನ್ನು ಒತ್ತೆಯಿಡುತ್ತಾನೆ. ಇದು ಆತ್ಮಕ್ಕೆ ನಷ್ಟದ ವ್ಯಾಪಾರ. ಆದರೆ ನಷ್ಟದ ವ್ಯಾಪಾರ ಮಾಡುವವನ ಮೇಲೆ ಬೇಕಾದದ್ದು ಕರುಣೆ, ಬಹಿಷ್ಕಾರವಲ್ಲ.

ದೋಷ ಸ್ಪಷ್ಟವಾಗಿ ಕಾಣುವುದು ಅವನ ಸುತ್ತ ನಿಂತವರಲ್ಲಿ. ಹಿಂಸೆಯಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ಭೇದಗಳನ್ನು ಜೈನ ಮಕ್ಕಳು ಪಾಠಶಾಲೆಯಲ್ಲಿಯೇ ಕಲಿಯುತ್ತಾರೆ. 1955ರ ಜೂನ್ 11ರಂದು ಲ ಮಾನ್ ರೇಸಿನಲ್ಲಿ ಒಂದು ಕಾರು ಚಿಮ್ಮಿ ಪ್ರೇಕ್ಷಕರ ಮೇಲೆ ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ರೇಸು ನಿಲ್ಲಲಿಲ್ಲ, ಮರುದಿನದವರೆಗೂ ನಡೆದು, ಗೆದ್ದವರ ಹೆಸರು ಘೋಷಣೆಯಾಯಿತು. ಸ್ವಿಟ್ಜರ್ಲೆಂಡ್ ದೇಶವು ಅದರ ಬಳಿಕ ಪಥದ ರೇಸುಗಳನ್ನೇ ನಿಷೇಧಿಸಿತು. ದೂರದರ್ಶನದ ಮುಂದೆ ಕುಳಿತು, ಇಂದು ಯಾರಾದರೂ ಡಿಕ್ಕಿ ಹೊಡೆದಾರೆಯೇ ಎಂದು ಕಾಯುವ ಮನಸ್ಸು ರೌದ್ರಧ್ಯಾನಕ್ಕೆ ಎಷ್ಟು ದೂರ? ಓಡಿಸುವವನಿಗೆ ಆ ಕ್ಷಣದಲ್ಲಿ ಅಂಥ ಯೋಚನೆಗೆ ಬಿಡುವಿಲ್ಲ. ನೋಡುವವನಿಗೆ ಇದೆ.

ಹಣ ಕೊಡುವವರ ಮಾತೂ ಇದೆ. ಈ ವೃತ್ತಿಯ ಕೆಳಗಿನ ಮೆಟ್ಟಿಲುಗಳಲ್ಲಿ ಚಾಲಕನಿಗೆ ಸಂಬಳವಿಲ್ಲ. ಅವನೇ ಕೋಟಿಗಟ್ಟಲೆ ತರಬೇಕು. ದಶಕಗಳ ಕಾಲ ಆ ಹಣ ತಂಬಾಕಿನಿಂದ ಬಂತು. 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಸತ್ತ ಐರ್ಟನ್ ಸೆನ್ನಾ ಅವರ ಕಾರಿನ ಮೇಲೆ ಇದ್ದದ್ದು ಸಿಗರೇಟಿನ ಹೆಸರು. ಬೆಂಗಳೂರಿನ ವಿಜಯ ಮಲ್ಯರ ಫೋರ್ಸ್ ಇಂಡಿಯಾ ತಂಡ 2008ರಿಂದ 2018ರವರೆಗೆ ಓಡಿದ್ದರ ಹಿಂದೆ ಮದ್ಯದ ವ್ಯಾಪಾರವಿತ್ತು. ಗೆದ್ದವರು ವೇದಿಕೆಯ ಮೇಲೆ ಮದ್ಯವನ್ನು ಎರಚಾಡುವುದು ರೂಢಿ. ಇದು ಅನಿವಾರ್ಯವೇನಲ್ಲ: ಬಹರೇನಿನಲ್ಲಿ ಅವರ ಧರ್ಮಕ್ಕೆ ವಿರೋಧವೆಂದು ಗುಲಾಬಿ ನೀರಿನ ಪಾನಕವನ್ನು ಕೊಡುತ್ತಾರೆ, ವಿಶ್ವವಿಜೇತರು ಅದನ್ನೇ ಎರಚಿಕೊಂಡು ಸಂತೋಷಪಡುತ್ತಾರೆ.

ಎಲ್ಲಕ್ಕಿಂತ ಗುರುತರವಾದದ್ದು ಮಕ್ಕಳ ವಿಷಯ. 2023ರ ಆಗಸ್ಟ್ 5ರಂದು ಚೆನ್ನೈ ಸಮೀಪದ ಪಥದಲ್ಲಿ ನಡೆದ ರಾಷ್ಟ್ರೀಯ ಮೋಟಾರ್‌ಸೈಕಲ್ ಸ್ಪರ್ಧೆಯಲ್ಲಿ ಬೆಂಗಳೂರಿನ ಬಾಲಕನೊಬ್ಬ ಬಿದ್ದು ಪ್ರಾಣ ಬಿಟ್ಟನು. ವಯಸ್ಸು 13. ಪ್ರತಿಭಾವಂತನೆಂದು ಎಲ್ಲರೂ ಒಪ್ಪಿದ ಮಗು. ಆ ಮನೆಯ ದುಃಖದ ಮುಂದೆ ಯಾರೂ ತೀರ್ಪು ಹೇಳಲಾರರು, ಹೇಳಲೂಬಾರದು. ಆದರೆ ಪ್ರಶ್ನೆ ಉಳಿದ ಮನೆಗಳಿಗೆ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತನು ರಸ್ತೆಯಲ್ಲಿ ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕನಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಲೌಕಿಕ ಕಾನೂನೂ ಕಾರಿತದ ಹೊಣೆಯನ್ನು ಗುರುತಿಸಿದೆ. ಪಥದಲ್ಲಿ ಓಡಿಸುವ ಮಗುವಿಗೆ ಅಪಾಯವನ್ನು ಅಳೆಯುವ ಶಕ್ತಿಯಿಲ್ಲ, ಚಪ್ಪಾಳೆಯನ್ನು ಅಳೆಯುವ ಶಕ್ತಿ ಮಾತ್ರ ಇದೆ. ಒಪ್ಪಿಗೆ ಕೊಡಲಾರದವನ ಪರವಾಗಿ ತಂದೆ ಒಪ್ಪಿಗೆ ಕೊಟ್ಟರೆ ಆ ಪ್ರವೃತ್ತಿ ತಂದೆಯದೇ. ಆದ್ದರಿಂದ ಮಗನಿಗೆ 18 ತುಂಬುವವರೆಗೆ ‘ಇಲ್ಲ’ ಎನ್ನುವ ತಂದೆಯನ್ನು ಹಳೆಯ ಕಾಲದವನೆಂದು ಹೀಗಳೆಯಬೇಕಾದುದಿಲ್ಲ. ಮಕ್ಕಳಾಗಿದ್ದಾಗ ಕಲಿಯದಿದ್ದರೆ ಮುಂದೆ ಗೆಲ್ಲಲಾಗದು ಎನ್ನುವವರ ಮಾತು ನಿಜವಿರಬಹುದು. ಆಗ ಗೆಲ್ಲದೆ ಇರುವುದೇ ಸರಿ.

ಟ್ರಸ್ಟಿನ ಶಾಲಿನ ಪ್ರಶ್ನೆಗೆ ಉತ್ತರ ಸಣ್ಣದು. ಬಸದಿಯ ವೇದಿಕೆ ಗೆಲುವಿಗೆ ಮಾನ ಕೊಡುವ ಸ್ಥಳವಲ್ಲ. ಗೆದ್ದುದನ್ನು ಬಿಟ್ಟವನ ವಿಗ್ರಹ ಎದುರಿಗೇ ಇದೆ. ಶಾಲು ಹೊದಿಸಬೇಕೆಂಬವರು ಮನೆಯಲ್ಲಿ ಹೊದಿಸಲಿ. ಟ್ರಸ್ಟಿಗೆ ಇದಕ್ಕಿಂತ ಹತ್ತಿರದ ಕೆಲಸವೊಂದಿದೆ. ಅದಕ್ಕೆ ಲ ಮಾನ್ ರೇಸಿನ ಒಂದು ನಿಯಮವನ್ನು ತಿಳಿಯುವುದು ಅಗತ್ಯ.

24 ಗಂಟೆಗಳ ಆ ರೇಸಿನಲ್ಲಿ ಒಂದು ಕಾರನ್ನು ಸಾಮಾನ್ಯವಾಗಿ ಮೂವರು ಸರದಿಯ ಮೇಲೆ ಓಡಿಸುತ್ತಾರೆ. ಯಾವ ಚಾಲಕನೂ ಆರು ಗಂಟೆಗಳ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಒಟ್ಟು 14 ಗಂಟೆ ಮೀರುವಂತಿಲ್ಲ. ಮೀರಿದರೆ ದಂಡನೆ. ಗೆಲುವಿಗಾಗಿ ಎಲ್ಲವನ್ನೂ ಒಡ್ಡುವ ಜನರೇ, ದಣಿದವನ ಕೈಗೆ ಚಕ್ರ ಕೊಡಬಾರದೆಂದು ಬರೆದಿಟ್ಟಿದ್ದಾರೆ. ಈ ದೇಶದಲ್ಲಿಯೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8, ವಾರಕ್ಕೆ 48 ಗಂಟೆ ದುಡಿಮೆಯೆಂದೂ, ಐದು ಗಂಟೆಗೆ ಮೊದಲೇ ಅರ್ಧ ಗಂಟೆ ವಿಶ್ರಾಂತಿಯೆಂದೂ ಗೊತ್ತುಮಾಡಿತ್ತು.

ಇನ್ನು ಸಂಘಗಳು ಏರ್ಪಡಿಸುವ ಯಾತ್ರೆಯ ಕರಪತ್ರವನ್ನು ನೋಡಬೇಕು. ಬಿಸಿಲೇರಿದರೆ ವಿಂಧ್ಯಗಿರಿಯ ಬಂಡೆ ಬರಿಗಾಲಿಗೆ ಸುಡುತ್ತದೆ. ಆದುದರಿಂದ ಬೆಂಗಳೂರಿನಿಂದ ಬಸ್ಸು ಬೆಳಗಿನ ಜಾವ ಎರಡೂವರೆಗೆ ಹೊರಡುತ್ತದೆ. ದರ್ಶನ ಮುಗಿಸಿ ಅಂದೇ ಧರ್ಮಸ್ಥಳ, ಮರುದಿನ ವೇಣೂರು, ಮೂಡುಬಿದಿರೆ, ಕಾರ್ಕಳ, ರಾತ್ರಿಯೇ ವಾಪಸು. ಎರಡು ದಿನ, ಐದು ಕ್ಷೇತ್ರ, ಒಬ್ಬ ಚಾಲಕ. ಅವನು ಹಿಂದಿನ ರಾತ್ರಿ ಮದುವೆಯ ದಿಬ್ಬಣ ಬಿಟ್ಟು ಬಂದಿರಬಹುದು, ಯಾರೂ ಕೇಳುವುದಿಲ್ಲ. ಸೂರ್ಯಾಸ್ತದ ಮೇಲೆ ಜೀವಹಿಂಸೆಗೆ ಅಂಜಿ ತುತ್ತು ಮುಟ್ಟದ ಯಾತ್ರಿಕರು ಇರುಳಿನಲ್ಲಿ ಅವನು ಓಡಿಸುವ ಬಸ್ಸಿನಲ್ಲಿ ನಿದ್ರಿಸುತ್ತಾರೆ. ಮುಂದೀಪಕ್ಕೆ ಬಂದು ಬಡಿದ ಹುಳುಗಳು ಗಾಜಿಗೆ ಅಂಟಿರುತ್ತವೆ. ಕಣ್ಣು ಎಳೆಯುವ ಚಾಲಕನಿಗೆ, ಮೊದಲ ಅಭಿಷೇಕ ತಪ್ಪುತ್ತದೆ, ಸ್ವಲ್ಪ ಬೇಗ ಬಿಡಪ್ಪ ಎಂದು ಮುಂದಿನ ಸೀಟಿನ ಹಿರಿಯರು ಹೇಳುತ್ತಾರೆ. ಆ ಬಸ್ಸಿನಲ್ಲಿ ಪ್ರಮತ್ತಯೋಗ ಯಾರದು? ನಿದ್ದೆಗೆಟ್ಟ ಚಾಲಕನದೆಂದರೆ ಅರ್ಧ ಉತ್ತರ. ಗಂಟೆಗಳನ್ನು ಗೊತ್ತುಮಾಡಿದವರು, ಎರಡನೆಯ ಚಾಲಕನ ಬಾಡಿಗೆಯನ್ನು ಉಳಿಸಿದವರು, ಉಳಿಸಿದ ಹಣವನ್ನು ಯಾತ್ರೆಯ ಜಮಾಖರ್ಚಿನಲ್ಲಿ ಹೆಮ್ಮೆಯಿಂದ ತೋರಿಸಿದವರು, ಇವರು ಕಾರಿತದ ಪಾಲುದಾರರು.

ಇಬ್ಬರು ಚಾಲಕರು, ಬೆಳಕು ಹರಿದ ಮೇಲೆ ಪ್ರಯಾಣ, ಎರಡು ದಿನದ ಯಾತ್ರೆಗೆ ಮೂರು ದಿನ, ಬಸ್ಸಿಗೆ ಗಂಟೆಗೆ ಇಷ್ಟೇ ಕಿಲೋಮೀಟರ್ ಎಂಬ ಲಿಖಿತ ಕರಾರು: ಇದಕ್ಕೆ ತಗಲುವ ಹೆಚ್ಚಿನ ಖರ್ಚನ್ನು 50 ಜನ ಯಾತ್ರಿಕರ ಮೇಲೆ ಹಂಚಿದರೆ ಪ್ರತಿಯೊಬ್ಬರಿಗೂ ಬರುವ ಪಾಲು ಪೂಜೆಯ ಒಂದು ಹಣ್ಣಿನ ಬುಟ್ಟಿಗಿಂತ ಬಹಳ ಹೆಚ್ಚಾಗದು. ಸಂಜೆ ತಲುಪಿ, ಮಠದ ವಸತಿಗೃಹದಲ್ಲಿ ಉಳಿದು, ಮರುದಿನ ಮುಂಜಾನೆ ಬೆಟ್ಟ ಹತ್ತಿದರೆ ಬಂಡೆಯೂ ತಣ್ಣಗೇ ಇರುತ್ತದೆ. ವಿಹಾರದಲ್ಲಿರುವ ತ್ಯಾಗಿಗಳು ಆ ದಿನ ಯಾವ ಊರಿನ ನಡುವೆ ಇದ್ದಾರೆಂಬುದನ್ನು ಹೊರಡುವ ಮೊದಲೇ ವಿಚಾರಿಸಿ ಚಾಲಕನಿಗೆ ತಿಳಿಸುವುದಕ್ಕೆ ಖರ್ಚೇ ಇಲ್ಲ.

ಈಗ ಆಗುತ್ತಿರುವುದು ಬೇರೆ. ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ಯಾತ್ರೆಯ ಬಸ್ಸು ಸೋಲೂರಿನ ಬಳಿ ರಸ್ತೆಯ ಪಕ್ಕಕ್ಕೆ ನಿಲ್ಲುತ್ತದೆ. ಒಳಗೆ ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಚಾಲಕನು ಇಳಿದು, ಬಾಟಲಿಯ ನೀರನ್ನು ಮುಖಕ್ಕೆ ಎರಚಿಕೊಂಡು, ಗಾಜನ್ನು ಒರೆಸಿ, ಅರ್ಧ ಲೋಟ ಚಹಾ ಕುಡಿದು ಮತ್ತೆ ಹತ್ತುತ್ತಾನೆ.